ಅಲಂಕಾರ ಬೇಡ ಅಂತ ಟಿಕ್ ತೆಗೆದೆ

ನಮ್ಮ ಮನೆ ಕಾಸರಗೋಡಿನ ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ. 2020ರಲ್ಲಿ ಕೊರೊನಾ ಬಂದು ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ನಾನು ಊರಲ್ಲೇ ಉಳಿದುಬಿಟ್ಟೆ. ಮಂಗಳೂರಿನ ಕೆಲಸ ಮನೆಯಿಂದಲೇ ನಡೆಯುತ್ತಿತ್ತು. ಪುಸ್ತಕಗಳ ಪುಟ ಜೋಡಿಸುವ ಕೆಲಸ, ಲ್ಯಾಪ್‌ಟಾಪ್ ಬಿಟ್ಟು ಏಳುವ ಹಾಗಿಲ್ಲ. ಆದರೆ ಸಂಜೆ ಆರಾಯಿತು ಎಂದರೆ ಅಪ್ಪ ಬಂದು ನನ್ನ ಕುರ್ಚಿಯ ಹಿಂದೆ ನಿಲ್ಲುತ್ತಿದ್ದರು. ಬಾಯಿಬಿಟ್ಟು ಏನೂ ಕೇಳುವುದಿಲ್ಲ. ಸುಮ್ನೆ ಒಂದು ಸಲ ಕೆಮ್ಮುತ್ತಾರೆ. ಅಡಿಕೆ ಧಾರಣೆ ನೋಡಬೇಕು, ಅದಾದ ಮೇಲೆ ಒಂದು ಯಕ್ಷಗಾನ ನೋಡಬೇಕು ಎಂದು ಆ ಕೆಮ್ಮಿನ ಅರ್ಥ.

ಫೋನಿನಲ್ಲೇ ನೋಡಬಹುದಲ್ವಾ ಎಂದರೆ, "ಅದರಲ್ಲಿ ಅಕ್ಷರ ಇರುವೆ ಸಾಲಿನ ಹಾಗೆ ಕಾಣ್ತದೆ" ಎನ್ನುತ್ತಾರೆ. ಒಂದು ಕಣ್ಣಿನ ಪೊರೆ ತೆಗೆಸಿ ಆಗಿತ್ತು. ಇನ್ನೊಂದು ಬಾಕಿ ಇತ್ತು.

ಹೀಗಾಗಿ ಕಪಾಟಿನ ಕೆಳಗಿನ ಅರೆಯಲ್ಲಿ, ಹಳೆ ಸೀರೆಯೊಂದರಲ್ಲಿ ಸುತ್ತಿಟ್ಟಿದ್ದ ಸಣ್ಣ ಲ್ಯಾಪ್‌ಟಾಪ್ ಹೊರಗೆ ಬಂತು. 2009ರಲ್ಲಿ ಅಣ್ಣ ಗಲ್ಫ್‌ನಿಂದ ರಜೆಗೆ ಬಂದಾಗ ನನಗೆಂದು ತಂದದ್ದು. ಆಗ ಇವುಗಳನ್ನು ನೆಟ್‌ಬುಕ್ ಎನ್ನುತ್ತಿದ್ದರು. ಇಂಟೆಲ್ ಆಟಮ್ ಎನ್270 ಪ್ರೊಸೆಸರ್, 1.6 ಗಿಗಾಹರ್ಟ್ಸ್. 1 ಜಿಬಿ ರ‍್ಯಾಮ್. 160 ಜಿಬಿ ಹಾರ್ಡ್ ಡಿಸ್ಕ್. ಪರದೆ 1024 ಪಿಕ್ಸೆಲ್ ಅಗಲ, 600 ಪಿಕ್ಸೆಲ್ ಎತ್ತರ. ಈ 600 ಎನ್ನುವ ಸಂಖ್ಯೆ ಮುಂದೆ ನನ್ನ ಜೀವ ತಿಂದಿತು, ಅದನ್ನು ಆಮೇಲೆ ಹೇಳುತ್ತೇನೆ. ಬ್ಯಾಟರಿ ಸತ್ತು ವರ್ಷಗಳೇ ಆಗಿದ್ದವು. ಚಾರ್ಜರ್ ಚುಚ್ಚಿದರೆ ಮಾತ್ರ ಜೀವ.

ಇದಕ್ಕೆ ಲಿನಕ್ಸ್, ಅಂದರೆ ವಿಂಡೋಸಿನ ಹಾಗೆ ಕಂಪ್ಯೂಟರ್ ನಡೆಸುವ ಉಚಿತ ಸಾಫ್ಟ್‌ವೇರ್, ಹಾಕುವುದು ಎಂದು ನಿರ್ಧಾರ ಮಾಡಲು ಒಂದು ನಿಮಿಷವೂ ಬೇಕಾಗಲಿಲ್ಲ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಕಲಿತವರಿಗೆ ಲಿನಕ್ಸ್ ಹೊಸದಲ್ಲ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಐಟಿ ಪಾಠ ಅದರಲ್ಲೇ. ನಾವು ಕಲಿಯುವಾಗ ಆ ಯೋಜನೆಗೆ ಐಟಿ ಅಟ್ ಸ್ಕೂಲ್ ಎಂದು ಹೆಸರು, 2017ರಲ್ಲಿ ಅದೇ ಕೈಟ್ ಆಯಿತು. ಕರ್ನಾಟಕದ ಗೆಳತಿಯರು ಕಾಲೇಜಿಗೆ ಬಂದು ಮೊದಲ ಸಲ ಲಿನಕ್ಸ್ ಹೆಸರು ಕೇಳುವಾಗ, ನಾವು ಅದರಲ್ಲಿ ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಯನ್ನೇ ಬರೆದಾಗಿತ್ತು. ಗಡಿಯ ಈಚೆ ಇರುವವರಿಗೆ ಜಂಬ ಪಡಲು ಸಿಗುವ ವಿಷಯಗಳು ಕಡಿಮೆ. ಸಿಕ್ಕಿದ್ದನ್ನು ಬಿಡಬಾರದು.

ಆ ಶಾಲೆಯ ಲ್ಯಾಬಿನಲ್ಲೇ ನಾನು ಮೊದಲು ಕಾಂಪಿಜ್ ನೋಡಿದ್ದು. ಲಿನಕ್ಸಿನಲ್ಲಿ ಪರದೆಯ ಮೇಲಿನ ಕಿಟಕಿಗಳನ್ನು, ಅಂದರೆ ವಿಂಡೋಗಳನ್ನು, ನೋಡಿಕೊಂಡು ಅವನ್ನು ಕುಣಿಸುವ ಸಾಫ್ಟ್‌ವೇರ್ ಅದು. ನಮ್ಮ ಕ್ಲಾಸಿನ ಹುಡುಗನೊಬ್ಬ ಎಲ್ಲಿಂದಲೋ ಕಲಿತು ಬಂದು, ಕೊನೆಯ ಬೆಂಚಿನ ಕಂಪ್ಯೂಟರಿನ ಇಡೀ ಡೆಸ್ಕ್‌ಟಾಪನ್ನು ಒಂದು ಪೆಟ್ಟಿಗೆ ಮಾಡಿ ಗಿರಗಿರ ತಿರುಗಿಸಿದ್ದ. ನಾವೆಲ್ಲ ಬೆಂಚು ಹತ್ತಿ ನೋಡಿದ್ದೆವು. ನಾಲ್ಕು ಬದಿ, ಒಂದೊಂದು ಬದಿಯಲ್ಲೂ ಒಂದೊಂದು ಕಿಟಕಿ. ಆ ಪೆಟ್ಟಿಗೆ ನನ್ನ ತಲೆಯಲ್ಲಿ ಹತ್ತು ವರ್ಷ ತಿರುಗುತ್ತಲೇ ಇತ್ತು.

ಕಾಂಪಿಜ್ ಬಂದದ್ದು 2006ರ ಆರಂಭದಲ್ಲಿ. ಬರೆದವರು ಆಗ ನಾವೆಲ್ ಕಂಪನಿಯಲ್ಲಿದ್ದ ಡೇವಿಡ್ ರೆವೆಮನ್. ಅದೇ ವರ್ಷ ಒಂದು ಗುಂಪು ಬೇರೆಯಾಗಿ ಬೆರಿಲ್ ಎಂದು ಇನ್ನೊಂದನ್ನು ಮಾಡಿತು. ಮರುವರ್ಷ ಇಬ್ಬರೂ ಮತ್ತೆ ಒಂದಾದರು, ಕಾಂಪಿಜ್ ಫ್ಯೂಷನ್ ಎಂದು ಹೆಸರಾಯಿತು. ಮೇಳ ಒಡೆದು ಎರಡಾಗಿ ಮತ್ತೆ ಸೇರಿದ ಹಾಗೆ.

ಇನ್ನು ಕೆಲಸಕ್ಕೆ ಬರೋಣ. ಎನ್270 ಬರೀ 32 ಬಿಟ್‌ನದ್ದು. ಲಿನಕ್ಸಿನ ಒಂದು ರೂಪ ಉಬುಂಟು, ಅದರ ಹೊಸ ಆವೃತ್ತಿಗಳಿಗೆ 64 ಬಿಟ್ ಬೇಕು, ಇದರಲ್ಲಿ ಏಳುವುದಿಲ್ಲ. ಅದರದ್ದೇ ಇನ್ನೊಂದು ಬಗೆ ಉಬುಂಟು ಮಾಟೆ 18.04ಕ್ಕೆ 32 ಬಿಟ್‌ನ ಐಎಸ್ಒ, ಅಂದರೆ ಇನ್‌ಸ್ಟಾಲ್ ಮಾಡುವ ಫೈಲ್, ಇತ್ತು. ಅದನ್ನೇ ಇಳಿಸಿ ಪೆನ್‌ಡ್ರೈವಿಗೆ ಹಾಕಿದೆ. ರ‍್ಯಾಮ್ ಇದರಲ್ಲಿ 2 ಜಿಬಿಗಿಂತ ಜಾಸ್ತಿ ಹಿಡಿಯುವುದಿಲ್ಲ, ಸ್ಲಾಟ್ ಒಂದೇ. ರಿಪೇರಿ ಅಂಗಡಿಯಲ್ಲಿ ಹಳೆಯ 2 ಜಿಬಿಯ ಡಿಡಿಆರ್2 ಒಂದು ಸಿಕ್ಕಿತು. 120 ಜಿಬಿಯ ಎಸ್ಎಸ್‌ಡಿ ಕಾಸರಗೋಡು ಪೇಟೆಯಿಂದ ತರಿಸಿದೆ. ಹಿಂದಿನ ಮುಚ್ಚಳದ ಸ್ಕ್ರೂ ತೆಗೆಯಲು ಸರಿಯಾದ ಸ್ಕ್ರೂಡ್ರೈವರ್ ಇಲ್ಲದೆ, ಅಪ್ಪನ ಕನ್ನಡಕ ರಿಪೇರಿ ಮಾಡುವ ಸಣ್ಣದರಲ್ಲಿ ಮುಗಿಸಿದೆ.

ಇನ್‌ಸ್ಟಾಲ್ ಶುರು ಮಾಡಿದ್ದು ಮಧ್ಯಾಹ್ನ ಮೂರು ಗಂಟೆಗೆ. ಅರ್ಧಕ್ಕಿಂತ ಸ್ವಲ್ಪ ಮುಂದೆ ಹೋಗಿತ್ತು. ನಾನು ಚಾ ಕುಡಿಯಲು ಅಡುಗೆ ಮನೆಗೆ ಹೋದೆ. ದೂರದಲ್ಲಿ ಒಂದು ಗುಡುಗು. ವಾಪಸ್ ಬಂದರೆ ಪರದೆ ಕಪ್ಪು.

"ಸಿಡಿಲು ಬರ್ತದೆ, ನಾನೇ ಪ್ಲಗ್ ತೆಗೆದೆ" ಎಂದರು ಅಮ್ಮ. ಮಗಳ ಯಂತ್ರ ಉಳಿಸಿದ ಸಮಾಧಾನ ಅವರ ಮುಖದಲ್ಲಿ.

ನಮ್ಮ ಕಡೆ ಗುಡುಗಿದರೆ ಟಿವಿ, ಫ್ರಿಜ್, ಮೋಡೆಮ್ ಎಲ್ಲದರ ಪ್ಲಗ್ ತೆಗೆಯುವುದು ಊಟಕ್ಕೆ ಕೈ ತೊಳೆದ ಹಾಗೆ. ಅಮ್ಮನಿಗೆ ಬೈಯಲು ಬಾಯಿ ಬರಲಿಲ್ಲ. ರಾತ್ರಿ ಮಳೆ ನಿಂತ ಮೇಲೆ ಮೊದಲಿನಿಂದ ಮಾಡಿದೆ. ಹನ್ನೊಂದು ಗಂಟೆಗೆ ಮುಗಿಯಿತು. ಬೂಟ್ ಆದ ಮೇಲೆ ರ‍್ಯಾಮ್ ಹೆಚ್ಚೂಕಡಿಮೆ 400 ಎಂಬಿ ತಿನ್ನುತ್ತಿತ್ತು. ಪರವಾಗಿಲ್ಲ ಅನಿಸಿತು.

ಮರುದಿನ ಅಪ್ಪನ ಕೈಗೆ ಕೊಟ್ಟೆ. ಧಾರಣೆ ನೋಡಿದರು. ಹೊಸತು, ಹಳತು, ಪಟೋರ, ಕರಿಗೋಟು, ಅಡಿಕೆಯ ಬಗೆ ಎಲ್ಲ ಓದಿ ಆಯಿತು. ಕಣ್ಣು ಕಿರಿದು ಮಾಡಿಕೊಂಡು ಓದಿದರು, ಆದರೂ ಓದಿದರು. ಆಮೇಲೆ ಯಕ್ಷಗಾನ ಹಾಕಿಕೊಟ್ಟೆ. ಬ್ರೌಸರಿನಲ್ಲಿ ನೇರ ನೋಡಿದರೆ ಆಟಮ್ ಏದುಸಿರು ಬಿಡುತ್ತದೆ. ಹಾಗಾಗಿ 480ಪಿ ವಿಡಿಯೋ ಮೊದಲೇ ಇಳಿಸಿಟ್ಟು ವಿಎಲ್‌ಸಿಯಲ್ಲಿ ಹಾಕಿದ್ದೆ. ಭಾಗವತಿಕೆ ನಡೆಯುವಾಗ ಎಲ್ಲ ಸರಿ ಇತ್ತು. ವೇಷ ದಿಗಿಣ ಹೊಡೆಯಲು, ಅಂದರೆ ಹಾರಿ ಹಾರಿ ಸುತ್ತಲು, ಶುರುವಾಯಿತು ನೋಡಿ, ಪರದೆಯ ನಡುವೆ ಅಡ್ಡಕ್ಕೆ ಒಂದು ಗೆರೆ. ಕಿರೀಟ ಒಂದು ಕಡೆ, ಸೊಂಟದ ಕೆಳಗೆ ಇನ್ನೊಂದು ಕಡೆ.

"ಇದೆಂತ, ವೇಷವನ್ನು ಕತ್ತಿಯಲ್ಲಿ ಕಡಿದ ಹಾಗೆ ಕಾಣ್ತದಲ್ಲ" ಎಂದರು ಅಪ್ಪ.

ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ದೂರವಲ್ಲ. ಇಲ್ಲಿ ಯಾವುದಕ್ಕೆ ಬೇಕಾದರೂ ರಾಜಿ ಆಗಬಹುದು, ತೆಂಕುತಿಟ್ಟಿನ ದಿಗಿಣದ ನಡುವೆ ಗೆರೆ ಬಿದ್ದರೆ ಆಗುವುದಿಲ್ಲ.

ಈ ಗೆರೆಗೆ ಟೇರಿಂಗ್ ಎನ್ನುತ್ತಾರೆ. ಪರದೆ ಒಂದು ಸೆಕೆಂಡಿಗೆ 60 ಸಲ ಮೇಲಿಂದ ಕೆಳಗೆ ಹೊಸ ಚಿತ್ರ ಎಳೆಯುತ್ತದೆ. ಅದು ಅರ್ಧ ಎಳೆದಾಗ ಸಾಫ್ಟ್‌ವೇರ್ ಮುಂದಿನ ಚಿತ್ರವನ್ನು ಕೈಗೆ ಕೊಟ್ಟರೆ, ಮೇಲಿನ ಅರ್ಧ ಹಳತು, ಕೆಳಗಿನ ಅರ್ಧ ಹೊಸತು. ಚಿತ್ರ ನಿಧಾನ ಬದಲಾಗುವಾಗ ಗೊತ್ತಾಗುವುದಿಲ್ಲ. ದಿಗಿಣದಲ್ಲಿ ಗೊತ್ತಾಗುತ್ತದೆ.

ಇದಕ್ಕೆ ಮದ್ದು ಕಾಂಪೊಸಿಟಿಂಗ್. ಯಕ್ಷಗಾನದ ಲೆಕ್ಕದಲ್ಲೇ ಹೇಳುವುದಾದರೆ, ಅದಿಲ್ಲದಿದ್ದರೆ ಪ್ರತಿ ಕಿಟಕಿಯೂ ರಂಗಸ್ಥಳದಲ್ಲೇ, ಜನರ ಎದುರೇ ನಿಂತು ವೇಷ ಕಟ್ಟಿಕೊಳ್ಳುತ್ತದೆ. ಅದಿದ್ದರೆ ಚೌಕಿಯಲ್ಲಿ ಪೂರ್ತಿ ಬಣ್ಣ ಹಚ್ಚಿ, ಕಿರೀಟ ಕಟ್ಟಿ, ಚೆಂಡೆ ಪೆಟ್ಟು ಬಿದ್ದ ಮೇಲೆ ಮಾತ್ರ ಹೊರಗೆ ಬರುತ್ತದೆ. ಪ್ರತಿ ಕಿಟಕಿಗೂ ಮರೆಯಲ್ಲಿ ತನ್ನದೇ ಒಂದು ಹಾಳೆ. ಗ್ರಾಫಿಕ್ಸ್ ಚಿಪ್ ಆ ಹಾಳೆಗಳನ್ನೆಲ್ಲ ಜೋಡಿಸಿ ಪರದೆಗೆ ಕಳಿಸುತ್ತದೆ. ಹಾಳೆ ಹೇಗೂ ಚಿಪ್‌ನ ಕೈಯಲ್ಲಿದೆ ಎಂದಾದ ಮೇಲೆ ಅದನ್ನು ಬಗ್ಗಿಸಬಹುದು, ತಿರುಗಿಸಬಹುದು, ದೊಡ್ಡದು ಮಾಡಬಹುದು. ಎಫೆಕ್ಟ್‌ಗಳೆಲ್ಲ ಹುಟ್ಟುವುದು ಇಲ್ಲಿಂದ.

ಮಾಟೆಯ ಮಾಮೂಲಿ ವಿಂಡೋ ಮ್ಯಾನೇಜರ್, ಅಂದರೆ ಕಿಟಕಿಗಳ ಮೇಲ್ವಿಚಾರಕ, ಮಾರ್ಕೊ. ಅದರಲ್ಲೂ ಕಾಂಪೊಸಿಟಿಂಗ್ ಉಂಟು. ಹಾಕಿ ನೋಡಿದೆ, ನನ್ನ ಯಂತ್ರದಲ್ಲಿ ಗೆರೆ ಹೋಗಲಿಲ್ಲ. ಆಗ ಹಳೆಯ ಪೆಟ್ಟಿಗೆ ನೆನಪಾಯಿತು. ಮಾಟೆ ಟ್ವೀಕ್ ಎಂಬ ಸೆಟ್ಟಿಂಗ್ಸ್ ತೆರೆದು, ವಿಂಡೋಸ್ ಎನ್ನುವಲ್ಲಿ ಮಾರ್ಕೊ ಬದಲು ಕಾಂಪಿಜ್ ಆರಿಸಿದೆ. ಪರದೆ ಒಮ್ಮೆ ಮಿಟುಕಿತು, ಅಷ್ಟೇ. ಕಾಂಪಿಜ್‌ನ ಒಂದೊಂದು ಕೆಲಸಕ್ಕೂ ಒಂದೊಂದು ಸಣ್ಣ ತುಂಡು, ಅದಕ್ಕೆ ಪ್ಲಗಿನ್ ಎನ್ನುತ್ತಾರೆ. ಸಾಫ್ಟ್‌ವೇರ್ ತರಿಸಿ ಹಾಕುವ ಅಂಗಡಿಗೆ ಸಿನಾಪ್ಟಿಕ್ ಎಂದು ಹೆಸರು. ಸಿನಾಪ್ಟಿಕ್‌ನಿಂದ ಕಾಂಪಿಜ್‌ಕಾನ್ಫಿಗ್ ಸೆಟ್ಟಿಂಗ್ಸ್ ಮ್ಯಾನೇಜರ್ ಮತ್ತು ಉಳಿದ ಪ್ಲಗಿನ್‌ಗಳ ಪ್ಯಾಕೇಜ್ ಹಾಕಿಕೊಂಡೆ. ಈ ಸೆಟ್ಟಿಂಗ್ಸ್ ಮ್ಯಾನೇಜರ್ ಇಲ್ಲದೆ ಕಾಂಪಿಜ್ ಇದ್ದೂ ಇಲ್ಲದ ಹಾಗೆ. ಓಪನ್‌ಜಿಎಲ್ ಎನ್ನುವ ಪ್ಲಗಿನ್ ಒಳಗೆ ಸಿಂಕ್ ಟು ವಿಬ್ಲ್ಯಾಂಕ್ ಎಂಬ ಟಿಕ್ ಇದೆ. ಪರದೆ ಒಂದು ಸುತ್ತು ಮುಗಿಸುವವರೆಗೆ ಕಾದು, ಆಮೇಲೆ ಹೊಸ ಚಿತ್ರ ಕೊಡು ಎಂದು ಅದರ ಅರ್ಥ. ಟಿಕ್ ಇರುವುದನ್ನು ನೋಡಿಕೊಂಡು ಯಕ್ಷಗಾನ ಹಾಕಿದೆ. ದಿಗಿಣದ ಜಾಗಕ್ಕೇ ಓಡಿಸಿದೆ. ಗೆರೆ ಇಲ್ಲ.

ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು.

ಸೆಟ್ಟಿಂಗ್ಸ್ ಮ್ಯಾನೇಜರ್‌ನಲ್ಲಿ ಪ್ಲಗಿನ್‌ಗಳ ದೊಡ್ಡ ಸಂತೆಯೇ ಇದೆ. ಒಂದೊಂದರ ಎದುರೂ ಟಿಕ್ ಹಾಕುವ ಚೌಕ. ಬಡ ಯಂತ್ರ, ಭಾರ ಕಡಿಮೆ ಮಾಡೋಣ ಎಂದು ನನಗೆ ಬುದ್ಧಿ ಹುಟ್ಟಿತು. ಬೇಡದ್ದನ್ನೆಲ್ಲ ತೆಗೆಯುತ್ತ ಹೋದೆ. ವಿಂಡೋ ಡೆಕೊರೇಶನ್ ಎಂದು ಒಂದು ಕಂಡಿತು. ಡೆಕೊರೇಶನ್ ಎಂದರೆ ಅಲಂಕಾರ. ಅಪ್ಪನಿಗೆ ಅಲಂಕಾರ ಯಾಕೆ? ಟಿಕ್ ತೆಗೆದೆ.

ಎಲ್ಲ ಕಿಟಕಿಗಳ ತಲೆ ಹಾರಿಹೋಯಿತು.

ಮೇಲಿನ ಪಟ್ಟಿ ಇಲ್ಲ, ಮುಚ್ಚುವ ಗುಂಡಿ ಇಲ್ಲ, ಹಿಡಿದು ಎಳೆಯಲು ಅಂಚಿಲ್ಲ. ತೆರೆದಿದ್ದ ಎರಡು ಕಿಟಕಿಗಳು ಒಂದರ ಮೇಲೊಂದು ಕೂತಿವೆ, ಸೆಟ್ಟಿಂಗ್ಸ್ ಅಡಿಯಲ್ಲಿ ಸಿಕ್ಕಿಹಾಕಿಕೊಂಡಿದೆ. ಆಲ್ಟ್ ಎಫ್2 ಒತ್ತಿದರೆ ಕಮಾಂಡ್ ಕೊಡುವ ಪೆಟ್ಟಿಗೆ ಬರಬೇಕು. ಅದೂ ಬರಲಿಲ್ಲ. ಯಾಕೆಂದರೆ ಆ ಕೀಲಿಗಳನ್ನು ನೋಡಿಕೊಳ್ಳುವ ಮಾಟೆ ಕಂಪ್ಯಾಟಿಬಿಲಿಟಿ ಎಂಬ ಪ್ಲಗಿನ್ನಿನ ಟಿಕ್ಕನ್ನೂ ಅದಕ್ಕೆ ಸ್ವಲ್ಪ ಮುಂಚೆ ನಾನೇ ತೆಗೆದಿದ್ದೆ. ನಾನು ನಿಂತ ಕೊಂಬೆಯನ್ನು ನಾನೇ ಕಡಿದಿದ್ದೆ, ಬೇರೆ ಯಾರ ಮೇಲೂ ಹೇಳುವ ಹಾಗಿಲ್ಲ.

ಪುತ್ತೂರಿನಲ್ಲಿರುವ ಭಾವನಿಗೆ ಫೋನ್ ಮಾಡಿದೆ. ದೊಡ್ಡಮ್ಮನ ಅಳಿಯ, ಸಾಫ್ಟ್‌ವೇರಿನಲ್ಲಿ ಇದ್ದಾರೆ. ಮಳೆ ಬಂದರೆ ನಮ್ಮಲ್ಲಿ ರೇಂಜ್ ಇರುವುದು ಅಂಗಳದ ತುಳಸಿಕಟ್ಟೆಯ ಹತ್ತಿರ ಮಾತ್ರ. ಲ್ಯಾಪ್‌ಟಾಪಿಗೆ ಬ್ಯಾಟರಿ ಇಲ್ಲ, ಹೊರಗೆ ತರುವ ಹಾಗಿಲ್ಲ. ನಾನು ಕೊಡೆ ಹಿಡಿದು ಅಂಗಳದಲ್ಲಿ. ಅಣ್ಣನ ಮಗಳು, ಏಳು ವರ್ಷದವಳು, ಚಾವಡಿಯ ಬಾಗಿಲಿನಲ್ಲಿ.

"ಕಂಟ್ರೋಲ್ ಆಲ್ಟ್ ಎಫ್1 ಒತ್ತು" ಎಂದರು ಭಾವ.

"ಕಂಟ್ರೋಲ್ ಆಲ್ಟ್ ಎಫ್1 ಅಂತೆ!" ಎಂದು ನಾನು ಕೂಗಿದೆ. ಅವಳು ಒಳಗೆ ಓಡಿ ಒತ್ತಿದಳು. "ಅತ್ತೇ, ಎಲ್ಲ ಕಪ್ಪಾಯ್ತು!"

"ಕಪ್ಪಾಗಬೇಕು ಮಾರಾಯ್ತಿ, ಅಲ್ಲೇ ಹೆಸರು ಕೇಳ್ತದೆ ಈಗ" ಎಂದು ನಗಾಡಿದರು ಭಾವ. "ಲಾಗಿನ್ ಆಗು. ಆಮೇಲೆ ದೊಡ್ಡ ಅಕ್ಷರದಲ್ಲಿ ಡಿಸ್ಪ್ಲೇ, ಸಮ ಚಿಹ್ನೆ, ಕೋಲನ್, ಸೊನ್ನೆ. ಜಾಗ ಬಿಡು. ಮಾರ್ಕೊ. ಜಾಗ ಬಿಡು. ಎರಡು ಗೀಟು, ರಿಪ್ಲೇಸ್. ಎರಡು ಗೀಟಿನ ನಡುವೆ ಜಾಗ ಬಿಡಬೇಡ."

ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡು ಒಳಗೆ ಹೋದೆ. ಅರ್ಧ ಮಳೆಗೆ ತೊಳೆದುಹೋಗಿತ್ತು. ಎರಡನೇ ಸಲ ಹೋಗಿ ಕೇಳಿ ಬಂದೆ. ಟೈಪ್ ಮಾಡಿ ಎಂಟರ್ ಒತ್ತಿ, ಕಂಟ್ರೋಲ್ ಆಲ್ಟ್ ಎಫ್7ರಲ್ಲಿ ವಾಪಸ್ ಬಂದರೆ ಕಿಟಕಿಗಳಿಗೆ ತಲೆ ಬಂದಿತ್ತು. ಕಾಂಪಿಜ್ ಹೋಗಿ ಮಾರ್ಕೊ ಬಂದು ಕೂತಿತ್ತು. ಮಾರ್ಕೊ ಇರುವಾಗಲೇ ಸೆಟ್ಟಿಂಗ್ಸ್ ಮ್ಯಾನೇಜರ್ ತೆರೆದು, ತೆಗೆದ ಟಿಕ್‌ಗಳನ್ನೆಲ್ಲ ಒಂದೊಂದಾಗಿ ವಾಪಸ್ ಹಾಕಿದೆ. ವಿಂಡೋ ಡೆಕೊರೇಶನ್, ಮೂವ್ ವಿಂಡೋ, ರೀಸೈಜ್ ವಿಂಡೋ, ಮಾಟೆ ಕಂಪ್ಯಾಟಿಬಿಲಿಟಿ. ಈ ನಾಲ್ಕನ್ನು ಯಾರೂ ಮುಟ್ಟಬೇಡಿ. ಹೆಸರು ಏನೇ ಇರಲಿ, ಇವು ಅಲಂಕಾರ ಅಲ್ಲ, ಕೈಕಾಲು.

ಇನ್ನು ಆ 600ರ ವಿಷಯ. ಪರದೆಯ ಎತ್ತರ 600 ಪಿಕ್ಸೆಲ್ ಎಂದೆನಲ್ಲ. ಎಷ್ಟೋ ಸೆಟ್ಟಿಂಗ್ಸ್ ಕಿಟಕಿಗಳು ಅದಕ್ಕಿಂತ ಉದ್ದ. ಓಕೆ ಗುಂಡಿ ಪರದೆಯ ಕೆಳಗೆ, ನೆಲದೊಳಗೆ ಹೋಗಿಬಿಡುತ್ತದೆ. ಆಲ್ಟ್ ಒತ್ತಿ ಕಿಟಕಿಯ ಎಲ್ಲಿ ಬೇಕಾದರೂ ಹಿಡಿದು ಎಳೆಯಬಹುದು, ಅದು ಗೊತ್ತಿತ್ತು. ಆದರೆ ಕಾಂಪಿಜ್ ಕಿಟಕಿಯ ತಲೆಯನ್ನು ಪರದೆಯಿಂದ ಮೇಲೆ ಹೋಗಲು ಬಿಡುವುದಿಲ್ಲ. ಎಳೆದರೂ ಅಂಚಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಎರಡು ದಿನ ಟ್ಯಾಬ್ ಒತ್ತಿ ಒತ್ತಿ, ಕಣ್ಣಿಗೆ ಕಾಣದ ಓಕೆಯನ್ನು ಅಂದಾಜಿನಲ್ಲಿ ಒತ್ತಿದೆ. ಮೂರನೇ ದಿನ ಮೂವ್ ವಿಂಡೋ ಪ್ಲಗಿನ್ ಒಳಗೆ ಹೊಕ್ಕು ನೋಡಿದರೆ ಕನ್‌ಸ್ಟ್ರೇನ್ ವೈ ಎಂಬ ಟಿಕ್ ಸಿಕ್ಕಿತು. ಅದನ್ನು ತೆಗೆದ ಮೇಲೆ ಕಿಟಕಿಯನ್ನು ಎಷ್ಟು ಬೇಕಾದರೂ ಮೇಲಕ್ಕೆ ಎಳೆಯಬಹುದು. ಸಣ್ಣ ಪರದೆಯವರಿಗೆ ಇಡೀ ಕಾಂಪಿಜ್‌ನಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಅದರಲ್ಲಿ ಕಣ್ಣಿಗೆ ಕಾಣುವ ಎಫೆಕ್ಟ್ ಒಂದೂ ಇಲ್ಲ ಎನ್ನುವುದು ಬೇರೆ ಮಾತು.

ಇಷ್ಟು ಕಷ್ಟಪಟ್ಟ ಮೇಲೆ ಸ್ವಲ್ಪ ಆಟ ಆಡಬೇಡವೇ? ವೋಬ್ಲಿ ವಿಂಡೋಸ್‌ಗೆ ಟಿಕ್ ಹಾಕಿದೆ. ಇನ್ನೊಂದು ಪ್ಲಗಿನ್ ಜೊತೆ ಜಗಳ ಆಗುತ್ತದೆ, ಅದನ್ನು ತೆಗೆಯಲಾ ಎಂದು ಕೇಳಿತು. ತೆಗಿ ಎಂದೆ. ಈ ಸಲ ಹೆಸರು ಎರಡು ಸಲ ಓದಿಯೇ ಹೇಳಿದೆ.

ಕಿಟಕಿಯನ್ನು ಹಿಡಿದು ಎಳೆದರೆ ಅದು ತಟ್ಟೆಗೆ ಹೊಯ್ದ ಹಾಲುಬಾಯಿಯ ಹಾಗೆ ತೊನೆಯುತ್ತದೆ. ಹಿಡಿದ ಮೂಲೆ ಮುಂದೆ ಹೋಗುತ್ತದೆ, ಉಳಿದದ್ದು ಹಿಂದಿನಿಂದ ಎಳೆದುಕೊಂಡು ಬರುತ್ತದೆ, ಬಿಟ್ಟ ಮೇಲೆ ನಾಲ್ಕು ಸಲ ನಡುಗಿ ನಿಲ್ಲುತ್ತದೆ. ಇದರ ಒಳಗುಟ್ಟು ಚೆಂದ. ಕಿಟಕಿಯ ಮೇಲೆ ಅಡ್ಡಕ್ಕೆ 4, ಉದ್ದಕ್ಕೆ 4, ಒಟ್ಟು 16 ಬಿಂದುಗಳು. ಪಕ್ಕದ ಬಿಂದುಗಳ ನಡುವೆ ಲೆಕ್ಕದ ಸ್ಪ್ರಿಂಗುಗಳು. ನೀವು ಹಿಡಿದದ್ದು ಒಂದು ಬಿಂದುವನ್ನು. ಉಳಿದವನ್ನು ಸ್ಪ್ರಿಂಗುಗಳು ಎಳೆಯುತ್ತವೆ. 16 ಬಿಂದುಗಳ ಲೆಕ್ಕ ಆಟಮ್‌ಗೂ ಭಾರವಲ್ಲ. ನೋಡಲು ಇಷ್ಟು ಆಡಂಬರ ಇರುವ ಎಫೆಕ್ಟ್ ನನ್ನ ಬಡ ಯಂತ್ರದಲ್ಲಿ ತಡವರಿಸದೆ ಓಡಿತು.

ಸ್ಪ್ರಿಂಗ್ ಕೆ, ಫ್ರಿಕ್ಷನ್ ಎಂದು ಎರಡು ಸಂಖ್ಯೆಗಳಿವೆ. ಕಡಿಮೆ ಮಾಡಿದಷ್ಟೂ ಕಿಟಕಿ ಸಡಿಲ. ಅಣ್ಣನ ಮಗಳಿಗೆ ಇದು ಗೊತ್ತಾದದ್ದೇ ತಡ, ಎರಡನ್ನೂ ಕೆಳಗಿನ ತುದಿಗೆ ತಂದುಬಿಟ್ಟಳು. ಸಂಜೆ ಅಪ್ಪ ಧಾರಣೆಯ ಕಿಟಕಿಯನ್ನು ಸ್ವಲ್ಪ ಬದಿಗೆ ಸರಿಸಿದರು. ಅದು ನಡುಗಿತು, ನಡುಗಿತು, ನಿಲ್ಲಲೇ ಇಲ್ಲ. "ಅಡಿಕೆ ರೇಟು ಇಷ್ಟು ಅಲ್ಲಾಡಿದರೆ ಮಾರುವುದು ಹೇಗೆ? ತಲೆ ತಿರುಗ್ತದೆ ನನಗೆ" ಎಂದರು. ಅವಳು ಬಿದ್ದು ಬಿದ್ದು ನಕ್ಕಳು. ಕೊನೆಗೆ ಇಬ್ಬರನ್ನೂ ಎದುರು ಕೂರಿಸಿ, ನಡುವಿನ ಒಂದು ಸಂಖ್ಯೆಗೆ ಒಪ್ಪಿಸಿದೆ.

ನನ್ನ ಹತ್ತು ವರ್ಷದ ಪೆಟ್ಟಿಗೆಯನ್ನೂ ಮಾಡಿದೆ. ಡೆಸ್ಕ್‌ಟಾಪ್ ಕ್ಯೂಬ್, ರೊಟೇಟ್ ಕ್ಯೂಬ್ ಎರಡಕ್ಕೂ ಟಿಕ್ ಬೇಕು, ಡೆಸ್ಕ್‌ಟಾಪ್ ವಾಲ್ ತೆಗೆಯಬೇಕು. ಮೊದಲ ಸಲ ತಿರುಗಿಸಿದಾಗ ಪೆಟ್ಟಿಗೆ ಆಗದೆ ಬರೀ ಹಪ್ಪಳದ ಹಾಗೆ ಎರಡು ಮಗ್ಗುಲಿನ ಹಾಳೆಯಾಯಿತು. ಜನರಲ್ ಆಪ್ಷನ್ಸ್‌ನ ಡೆಸ್ಕ್‌ಟಾಪ್ ಸೈಜ್‌ನಲ್ಲಿ ಅಡ್ಡ ಸಂಖ್ಯೆ 4, ಉದ್ದ 1 ಎಂದು ಕೊಟ್ಟ ಮೇಲೆ ನಾಲ್ಕು ಬದಿ ಬಂತು. ಕಂಟ್ರೋಲ್ ಆಲ್ಟ್ ಹಿಡಿದು ಮೌಸಿನಿಂದ ತಿರುಗಿಸಿದೆ. ಅದೇ ಪೆಟ್ಟಿಗೆ. ಶಾಲೆಯ ಲ್ಯಾಬಿನ ಧೂಳಿನ ವಾಸನೆಯೂ ಬಂದ ಹಾಗಾಯಿತು.

ಒಂದು ವಾರದಲ್ಲಿ ತೆಗೆದುಹಾಕಿದೆ. ಮಗು ತಿರುಗಿಸಿ ಹಾಗೇ ಬಿಟ್ಟು ಹೋಗುತ್ತಿದ್ದಳು. ಅಪ್ಪ ಬಂದು ಖಾಲಿ ಪರದೆ ನೋಡಿ, "ನನ್ನ ಯಕ್ಷಗಾನ ಎಲ್ಲಿ ಹೋಯ್ತು?" ಎಂದು ಕೇಳುತ್ತಿದ್ದರು. ಅದು ಪೆಟ್ಟಿಗೆಯ ಹಿಂದಿನ ಬದಿಯಲ್ಲಿ ಕುಣಿಯುತ್ತಿತ್ತು. ಬರೀ ಚೆಂಡೆ ಕೇಳಿಸುತ್ತಿತ್ತು.

ಇನ್ನು ಕೆಲವು ಸುಮ್ನೆ ಆಗಲೇ ಇಲ್ಲ. ಬ್ಲರ್ ಹಾಕಿದರೆ ಮೌಸ್ ಎಳೆದದ್ದು ಈಗ, ಬಾಣ ಹೋದದ್ದು ಆಮೇಲೆ. ನೀರಿನ ಎಫೆಕ್ಟ್ ಎಂದು ಒಂದಿದೆ, ಪರದೆ ಮೇಲೆ ಮಳೆ ಹನಿ ಬಿದ್ದ ಹಾಗೆ ತೆರೆ ಏಳಬೇಕು. ಟಿಕ್ ಹಾಕಿ, ಹೇಳಿದ ಕೀಲಿ ಒತ್ತಿ, ಐದು ನಿಮಿಷ ಕಾದೆ. ಪರದೆ ಒಣಗಿಯೇ ಇತ್ತು. ಹೊರಗೆ ಅಂಗಳದಲ್ಲಿ ಮೊಣಕಾಲಿನವರೆಗೆ ನೀರು. ಬಿಟ್ಟುಬಿಟ್ಟೆ. ಟೆಕ್ಸ್ಚರ್ ಫಿಲ್ಟರನ್ನು ಫಾಸ್ಟ್‌ಗೆ ಇಟ್ಟೆ, ನೆರಳಿನ ಅಳತೆ ಕಡಿಮೆ ಮಾಡಿದೆ. ಪೂರ್ತಿ ಪರದೆಯ ವಿಡಿಯೋ ನೋಡುವಾಗ ಕಾಂಪಿಜ್ ನಡುವೆ ಬಾರದ ಹಾಗೆ ಮಾಡುವ ಒಂದು ಟಿಕ್ ಕಾಂಪೊಸಿಟ್ ಪ್ಲಗಿನ್ನಿನಲ್ಲಿದೆ. ಹಾಕಿದರೆ ವಿಡಿಯೋ ಹಗುರ ಓಡುತ್ತದೆ. ಆದರೆ ಕಾಂಪಿಜ್ ಬದಿಗೆ ಸರಿದರೆ ಗೆರೆ ವಾಪಸ್ ಬಂತು. ದಿಗಿಣಕ್ಕಾಗಿ ಆ ಟಿಕ್ ತೆಗೆದೆ.

ಇದೆಲ್ಲ ಆದ ಮೇಲೆ, ಯಾವುದೋ ರಾತ್ರಿ ಸುಮ್ನೆ ಪ್ಲಗಿನ್‌ಗಳ ಪಟ್ಟಿ ಓದುತ್ತ ಕೂತಿದ್ದೆ. ಆಕ್ಸೆಸಿಬಿಲಿಟಿ ಎಂಬ ಗುಂಪನ್ನು ಅಲ್ಲಿಯವರೆಗೆ ತೆರೆದೇ ಇರಲಿಲ್ಲ. ಆಟದ ಸಾಮಾನು ಅಲ್ಲಿಲ್ಲ ಎಂದು ಗೊತ್ತಿತ್ತು, ಅದಕ್ಕೇ. ತೆರೆದರೆ ಎನ್‌ಹಾನ್ಸ್‌ಡ್ ಜೂಮ್ ಡೆಸ್ಕ್‌ಟಾಪ್. ಟಿಕ್ ಹಾಕಿದೆ. ವಿಂಡೋಸ್ ಕೀಲಿ ಒತ್ತಿಹಿಡಿದು ಮೌಸಿನ ಚಕ್ರ ಮೇಲಕ್ಕೆ ತಿರುಗಿಸಿದೆ.

ಇಡೀ ಪರದೆ ಹತ್ತಿರ ಬಂತು. ಒಂದು ಕಿಟಕಿಯ ಅಕ್ಷರ ಮಾತ್ರ ಅಲ್ಲ, ಪಟ್ಟಿ, ಗಡಿಯಾರ, ಮೆನು, ವಿಡಿಯೋ ಎಲ್ಲ. ಮೌಸ್ ಹೋದ ಕಡೆ ನೋಟ ಹೋಗುತ್ತದೆ. ಬ್ರೌಸರಿನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಧಾರಣೆಯ ಕೋಷ್ಟಕ ಒಡೆದು, ಪಟೋರದ ರೇಟು ಕರಿಗೋಟಿನ ಎದುರು ಬಂದು ಕೂರುತ್ತಿತ್ತು. ಇಲ್ಲಿ ಏನೂ ಒಡೆಯುವುದಿಲ್ಲ. ಭೂತಗನ್ನಡಿ ಹಿಡಿದ ಹಾಗೆ ಇದ್ದದ್ದು ಇದ್ದ ಹಾಗೆ ದೊಡ್ಡದು. ಜಾಸ್ತಿ ಹಿಗ್ಗಿಸಿದರೆ ಅಂಚು ಸ್ವಲ್ಪ ಮಸುಕಾಗುತ್ತದೆ ನಿಜ. ಆದರೆ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ. ಕನ್ನಡ ಓದುವವರಿಗೆ ಕಷ್ಟ ಇರುವುದೇ ಒತ್ತಿನಲ್ಲಿ. ಮೇಲಿನ ಅಕ್ಷರ ಕಂಡರೂ ಕೆಳಗಿನದು ಕಾಲಡಿಯ ಕಸದ ಹಾಗೆ ಕಾಣುತ್ತದೆ.

ಅದರ ಜೊತೆಗೇ ನೆಗೆಟಿವ್ ಇತ್ತು. ವಿಂಡೋಸ್ ಕೀಲಿ ಮತ್ತು ಎಮ್ ಒತ್ತಿದರೆ ಇಡೀ ಪರದೆಯ ಬಣ್ಣ ತಿರುಗುಮುರುಗು, ಬಿಳಿ ಕಾಗದ ಕಪ್ಪಾಗಿ ಅಕ್ಷರ ಬಿಳಿ. ಎನ್ ಒತ್ತಿದರೆ ಒಂದು ಕಿಟಕಿ ಮಾತ್ರ. ಶೋ ಮೌಸ್ ಎಂದು ಇನ್ನೊಂದು. ಒತ್ತಿದರೆ ಬಾಣದ ಸುತ್ತ ಕಿಡಿಗಳ ಚಕ್ರ ಸುತ್ತುತ್ತದೆ. ಮೊದಲ ಸಲ ನೋಡಿದಾಗ ಇದಕ್ಕಿಂತ ವ್ಯರ್ಥವಾದದ್ದು ಇಲ್ಲ ಎಂದುಕೊಂಡಿದ್ದೆ.

ಬೆಳಿಗ್ಗೆ ಅಪ್ಪನಿಗೆ ತೋರಿಸಿದೆ. ಚಕ್ರ ಇರುವ ಒಂದು ಮೌಸ್ ಬೇಕಾಯಿತು, ಟಚ್‌ಪ್ಯಾಡ್‌ನಲ್ಲಿ ಅವರ ಬೆರಳಿಗೆ ಅದು ಬರುವುದಿಲ್ಲ. ವಿಂಡೋಸ್ ಕೀಲಿಯ ಮೇಲೆ ಅಮ್ಮನ ಕುಂಕುಮದ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿದೆ. "ಬೊಟ್ಟು ಒತ್ತಿ ಹಿಡಿಯಿರಿ, ಚಕ್ರ ತಿರುಗಿಸಿ." ತಿರುಗಿಸಿದರು. ಹಿಂದೆ ಸರಿದು ಕುರ್ಚಿಗೆ ಒರಗಿದರು. ಕಂಪ್ಯೂಟರ್ ಎದುರು ಅವರು ಒರಗಿ ಕೂತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ, ಯಾವಾಗಲೂ ಮೂಗು ಪರದೆಗೆ ತಾಗುವಷ್ಟು ಬಗ್ಗಿ ಇರುತ್ತಿದ್ದರು. ಹತ್ತು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ, "ಬಾಣ ಕಾಣೆಯಾದರೆ?" ಎಂದು ಕೇಳಿದರು. ಕಿಡಿಯ ಚಕ್ರ ತೋರಿಸಿದೆ.

"ಓ, ದೊಂದಿ ಹಿಡಿದು ಬರ್ತದೆ" ಎಂದರು.

ಕಥೆಗೆ ಇನ್ನೊಂದು ಬಾಲ ಇದೆ. ಗಡಿ ತೆರೆದು, ವಿಮಾನ ಶುರುವಾಗಿ ಅಣ್ಣ ಬಂದಾಗ, ಇಷ್ಟು ಸಣ್ಣ ಪರದೆ ಯಾಕೆ, ಚಾವಡಿಯ ಟಿವಿಗೆ ಜೋಡಿಸುವ ಎಂದ. ವಿಜಿಎ ಕೇಬಲ್ ಹಾಕಿದ. ಟಿವಿ 1366 ಅಗಲ, 768 ಎತ್ತರ. ಎರಡೂ ಪರದೆ ಅಕ್ಕಪಕ್ಕ ಇಟ್ಟು ಅಪ್ಲೈ ಒತ್ತಿದ. ಕಾಂಪಿಜ್ ಬಿದ್ದುಹೋಯಿತು. ಪರದೆ ಬಿಳಿ.

ಈ ಸಲ ನಾನು ಅಂಗಳಕ್ಕೆ ಓಡಲಿಲ್ಲ. ಕಂಟ್ರೋಲ್ ಆಲ್ಟ್ ಎಫ್1, ಸಮ ಚಿಹ್ನೆ, ಕೋಲನ್, ಸೊನ್ನೆ, ಎರಡು ಗೀಟು. ಅಂಗೈಯಲ್ಲಿ ಅಳಿಸಿಹೋದದ್ದು ತಲೆಯಲ್ಲಿ ಉಳಿದಿತ್ತು. ಆಮೇಲೆ ಕೂತು ಲೆಕ್ಕ ಹಾಕಿದೆ. ಈ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಜಿಎಂಎ 950. ಎಫೆಕ್ಟ್‌ಗಳಿಗೆ ಅದು ಹಾಸಬಲ್ಲ ಚಾಪೆ 2048 ಅಗಲ, 2048 ಉದ್ದ. ಅದರಿಂದಾಚೆ ಒಂದು ಪಿಕ್ಸೆಲ್ಲೂ ಇಲ್ಲ. 1024ಕ್ಕೆ 1366 ಸೇರಿದರೆ 2390. ಚಾಪೆ ಸಾಲಲಿಲ್ಲ. ಹಾಗಾದರೆ ಅಕ್ಕಪಕ್ಕ ಯಾಕೆ, ಒಂದರ ಮೇಲೊಂದು ಇಡೋಣ ಅಲ್ವಾ? ಡಿಸ್ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಟಿವಿಯ ಚೌಕವನ್ನು ಎಳೆದು ಲ್ಯಾಪ್‌ಟಾಪಿನ ಚೌಕದ ತಲೆಯ ಮೇಲೆ ಕೂರಿಸಿದೆ. ಎತ್ತರ 600ಕ್ಕೆ 768 ಸೇರಿ 1368. ಅಗಲ 1366. ಎರಡೂ ಚಾಪೆಯ ಒಳಗೆ. ಅಪ್ಲೈ ಒತ್ತಿ ಕಾಂಪಿಜ್ ವಾಪಸ್ ತಂದೆ. ನಿಂತಿತು. ಜೀವ ತಿಂದ 600 ಒಮ್ಮೆಯಾದರೂ ಉಪಕಾರಕ್ಕೆ ಬಂತು.

ಅಣ್ಣ, "ಇದೆಲ್ಲ ನೀನು ಯಾವಾಗ ಕಲಿತದ್ದು?" ಎಂದ. "ನೀನು ತಂದುಕೊಟ್ಟ ಲ್ಯಾಪ್‌ಟಾಪ್‌ನಲ್ಲೇ" ಎಂದೆ.

ಗಡಿ ತೆರೆದ ಮೇಲೆ ನಾನು ಮತ್ತೆ ಮಂಗಳೂರಿಗೆ ಹೋದೆ. ಹೋಗುವ ಮೊದಲು ಸೆಟ್ಟಿಂಗ್ಸ್ ಮ್ಯಾನೇಜರಿನ ಪ್ರಿಫರೆನ್ಸಸ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿ, ಎಲ್ಲ ಟಿಕ್‌ಗಳನ್ನೂ ಒಂದು ಸಣ್ಣ ಫೈಲಿನಲ್ಲಿ ಪೆನ್‌ಡ್ರೈವಿಗೆ ಇಳಿಸಿಟ್ಟೆ. ಏನಾದರೂ ಕೆಟ್ಟರೆ ಇಂಪೋರ್ಟ್ ಮಾಡಿದರೆ ಸಾಕು. ಹದಿನೈದು ದಿನ ಕಳೆದು ಅಪ್ಪನ ಫೋನ್ ಬಂತು.

"ಎಲ್ಲ ದೊಡ್ಡದಾಗಿ ನಿಂತುಬಿಟ್ಟಿದೆ. ಹಳತು ಅಡಿಕೆಯ ಒಂದು ಸೊನ್ನೆ ಮಾತ್ರ ಕಾಣ್ತದೆ, ಇಡೀ ಪರದೆಯಲ್ಲಿ."

"ಬೊಟ್ಟು ಒತ್ತಿ, ಚಕ್ರ ಕೆಳಗೆ ತಿರುಗಿಸಿ."

"ಬೊಟ್ಟು ಬಿದ್ದುಹೋಗಿದೆ ಮಗಳೇ."

ಎಡಗಡೆ ಕೆಳಗಿನ ಸಾಲಿನಲ್ಲಿ ಎಷ್ಟನೇ ಕೀಲಿ ಎಂದು ಎಣಿಸಿ ಹೇಳುವಷ್ಟರಲ್ಲಿ, ಫೋನಿನ ಆ ಕಡೆ ಅಮ್ಮ ಹೊಸ ಬೊಟ್ಟು ಹುಡುಕುತ್ತಿದ್ದ ಸದ್ದು ಕೇಳುತ್ತಿತ್ತು.